ನೆಲ ಡೊಂಕು

“ಅಕ್ಕನ ಮನೆಯಲ್ಲಿ ಪೂಲ್ ಹಾಕಿದಾರಂತೆ, ನೋಡ್ಕಂಡು ಬರ್ತೇನೆ” ಎಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ನಮ್ಮನೆಯವಳು ಒಳಗಿಂದ ಬೈರಾಸು ತಂದು ನನ್ನ ಹೆಗಲ ಮೇಲೆ ಹಾಕಿದಳು. ಜೊತೆಗೆ ಒಂದು ಮಾತು: “ಕಿವಿಗೆ ಹತ್ತಿ ಇಟ್ಕಳಿ. ಹೋದ ಸಲ ನೀರು ಹೊಕ್ಕಿ ಹದಿನೈದು ದಿನ ನರಳಿದ್ದು ನೆನಪಿದ್ಯಲ್ಲ.”

ತಪ್ಪು ಅವಳದ್ದಲ್ಲ. ಪಡುವಣಕ್ಕೆ ತೆಂಗಿನಗುಂಡಿಯ ಕಡಲು, ಬಡಗಿಗೆ ವೆಂಕಟಾಪುರ ಹೊಳೆ, ಮನೆಗೊಂದು ಬಾವಿ, ಜೂನ್ ಬಂತೆಂದರೆ ಅಂಗಳವೇ ಕೆರೆ. ಹೆಬಳೆಯಲ್ಲಿ ಬಾಳಿದವಳಿಗೆ ಪೂಲ್ ಎಂದರೆ ನೀರಲ್ಲದೆ ಇನ್ನೇನು ಹೊಳೆದೀತು? ಹಸಿರು ಬಟ್ಟೆ ಹೊದಿಸಿದ ಮೇಜು, ಆರು ಗುಂಡಿ, ಹದಿನೈದು ಬಣ್ಣದ ಚೆಂಡು, ಒಂದು ಬಿಳಿ ಚೆಂಡು, ಕೋಲಿನಿಂದ ಬಿಳಿಯದಕ್ಕೆ ಹೊಡೆದು ಅದರಿಂದ ಉಳಿದವನ್ನು ಗುಂಡಿಗೆ ಬೀಳಿಸಬೇಕು ಎಂದು ಮೆಟ್ಟಿಲ ಮೇಲೆ ನಿಂತೇ ಪಾಠ ಮಾಡಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವನು, ಪಾಠ ಮಾಡದೆ ಇರಲಾರೆ. ಅವಳು ಕೇಳಿ, “ಅಂದ್ರೆ ನಿಂತ್ಕಂಡು ಆಡೂ ಕ್ಯಾರಂ” ಅಂದಳು. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಬೈರಾಸು ಹೆಗಲ ಮೇಲೇ ಉಳಿಯಿತು. ಬೆವರು ಒರೆಸಲಿಕ್ಕೆ ಬೇಕಾಯಿತು.

ಹೆಸರಿಗೂ ನೀರಿಗೂ ಸಂಬಂಧವಿಲ್ಲ ಎಂಬುದು ಆಮೇಲೆ ತಿಳಿಯಿತು. ಪಣಕ್ಕೆ ಒಟ್ಟುಗೂಡಿಸಿದ ದುಡ್ಡಿಗೆ ಇಂಗ್ಲಿಷರು ಪೂಲ್ ಅಂದರು. ಅವರಿಗೆ ಆ ಮಾತು ಬಂದದ್ದು ಫ್ರೆಂಚರಿಂದ. ಅಲ್ಲಿ ಅದಕ್ಕೆ ಹೇಂಟೆ ಎಂಬ ಅರ್ಥವೂ ಉಂಟು. ಹೇಂಟೆಗೂ ಪಣಕ್ಕೂ ಏನು ನಂಟು ಎಂದು ಕೋಳಿ ಅಂಕ ನೋಡಿ ಬೆಳೆದ ಕರಾವಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೇಜು ತಂದದ್ದು ಅಕ್ಕನ ಮಗ. ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ಅಲ್ಲಿ ಆಫೀಸಿನೊಳಗೇ ಆಟದ ಕೋಣೆಯಂತೆ, ಕೆಲಸದ ನಡುವೆ ಹುಡುಗರು ಪೂಲ್ ಆಡುತ್ತಾರಂತೆ. ನಮ್ಮ ಕಾಲದಲ್ಲಿ ಸ್ಟಾಫ್ ರೂಮಿನಲ್ಲಿ ಇಸ್ಪೀಟು ಹಿಡಿದಿದ್ದರೆ ಡಿಡಿಪಿಐ ತನಕ ದೂರು ಹೋಗುತ್ತಿತ್ತು. ಕೊರೋನಾ ಬಂದ ಮೇಲೆ ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದವನು ಅರ್ಧ ಊರಿನವನೇ ಆಗಿಬಿಟ್ಟ. ಯಾವುದೋ ಪಾರ್ಲರು ಮುಚ್ಚುತ್ತಿದೆ ಎಂದು ಗೊತ್ತಾಗಿ ಎಂಟಡಿಯ ಹಳೆ ಮೇಜೊಂದನ್ನು ಮಿನಿ ಲಾರಿಯಲ್ಲಿ ಹೇರಿಸಿ ತಂದ. ಹಸಿರು ಬಟ್ಟೆಯಡಿ ಮರದ ಹಲಗೆ ಅಲ್ಲ, ಕಲ್ಲಿನ ಹಾಸು ಇರುತ್ತದೆ ಎಂದು ನಮಗೆ ತಿಳಿದದ್ದು ಇಳಿಸುವಾಗ. ಎಂಟು ಜನ ಹೆಗಲು ಕೊಟ್ಟರೂ ದೇವರ ಪಲ್ಲಕ್ಕಿಯ ಹಾಗೆ ಮೂರು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ.

ಇಡುವುದೆಲ್ಲಿ? ಜಗಲಿಯಲ್ಲಿ ಬೇಡ ಎಂದು ಅಕ್ಕ ಖಡಾಖಂಡಿತ ಹೇಳಿದಳು. ಕೊನೆಯ ಎರಡು ಆಕಳನ್ನು ಕೊಟ್ಟು ನಾಲ್ಕು ವರ್ಷವಾಗಿತ್ತು, ಕೊಟ್ಟಿಗೆ ಖಾಲಿ. ಅಳಿಯ ಅದಕ್ಕೆ ಸುಣ್ಣ ಹೊಡೆಸಿದ, ಉದ್ದುದ್ದ ಟ್ಯೂಬ್‌ಲೈಟ್ ತೂಗಿಸಿದ, ಬಾನಿ ಕೀಳಿಸಿದ. ಮೇಜಿನ ಕಾಲಿನಡಿ ತಿರುಪು ಇದ್ದವು. ಅವನ್ನು ತಿರುಗಿಸಿ, ಮೊಬೈಲನ್ನು ಬಟ್ಟೆಯ ಮೇಲೆ ಅಂಗಾತ ಮಲಗಿಸಿ, ಮಟ್ಟ ನೋಡಿದ. ಸೊನ್ನೆ ಡಿಗ್ರಿ ತೋರಿಸಿತು. “ಕೊಟ್ಟಿಗೆಯಲ್ಲಿ ಇಂಥದ್ದೊಂದು ನಿಲ್ಲಿಸ್ತಾರೆ ಅಂತ ಅಪ್ಪಯ್ಯ ಅಂದ್ಕಂಡಿದ್ರಾ ಏನೋ” ಎಂದು ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

ಇನ್ನು ನನ್ನ ಯೋಗ್ಯತೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಚಿಕ್ಕವನಿದ್ದಾಗ ಗೇರುಬೀಜದ ಆಟದಲ್ಲಿ ಸಾಲಾಗಿ ಇಟ್ಟ ಬೀಜಕ್ಕೆ ದೊಡ್ಡ ಬೀಜ ಬೀಸಿ ಹೊಡೆದು ಚಡ್ಡಿಯ ಎರಡೂ ಕಿಸೆ ತುಂಬಿಸಿಕೊಂಡು ಬರುತ್ತಿದ್ದೆ. ಬೀಜದ ಎಣ್ಣೆ ತಾಗಿ ತೊಡೆಯ ಚರ್ಮ ಸುಟ್ಟ ಕಲೆ ಇನ್ನೂ ಇದೆ. ದೊಡ್ಡವನಾದ ಮೇಲೆ ಕ್ಯಾರಂ. ಯುವಕ ಸಂಘದ ಗ್ಯಾಸ್‌ಲೈಟಿನಡಿ ಬೋರಿಕ್ ಪೌಡರ್ ಸಿಂಪಡಿಸಿದ ಹಲಗೆಯ ಮುಂದೆ ನಾನು ಕೂತರೆ ಶಿರಾಲಿಯಿಂದ ಬಂದವರೂ ಸೈಕಲ್ ಹತ್ತುತ್ತಿದ್ದರು. ಹಾಗಾಗಿ ಅಳಿಯ ಕೋಲು ಕೊಟ್ಟಾಗ ನಾನು ಅದನ್ನು ಸ್ವಲ್ಪ ಕನಿಕರದಿಂದಲೇ ತೆಗೆದುಕೊಂಡೆ.

ಮೊದಲ ಹೊಡೆತಕ್ಕೆ ಬಿಳಿ ಚೆಂಡು ಮೇಜು ಬಿಟ್ಟು ಹಾರಿ ಹುಲ್ಲಿನ ಅಟ್ಟದ ಕಂಬಕ್ಕೆ ಬಡಿಯಿತು. ಎರಡನೆಯದಕ್ಕೆ ಕೋಲು ಜಾರಿ ಚೆಂಡು ಇದ್ದಲ್ಲೇ ಗಿರಗಿರನೆ ತಿರುಗಿ ನಿಂತಿತು, 2021ರ ತೌಕ್ತೆ ಚಂಡಮಾರುತದ ಚಿತ್ರವನ್ನು ಟಿವಿಯಲ್ಲಿ ನೋಡಿದ ಹಾಗೆ. ಈ ಹೋಲಿಕೆ ನಾನು ಸುಮ್ಮನೆ ಎಸೆದದ್ದು. ಅಳಿಯ ಅದನ್ನೇ ಹಿಡಿದುಕೊಂಡ: “ಸರಿಯಾಗೇ ಹೇಳಿದ್ರಿ ಮಾವ. ಚಂಡಮಾರುತದ ಗಾಳಿ ಯಾಕೆ ಸುತ್ತುತ್ತದೆ ಅಂತ ಹೇಳೂವಾಗ ಕೊರಿಯೊಲಿಸ್ ಹೆಸರು ಬರ್ತದಲ್ಲ, ಆ ಫ್ರೆಂಚ್ ಮನುಷ್ಯನೇ 1835ರಲ್ಲಿ ಬಿಲಿಯರ್ಡ್ಸ್ ಚೆಂಡು ಹೇಗೆ ತಿರುಗ್ತದೆ ಅಂತ ಒಂದು ಇಡೀ ಗಣಿತದ ಪುಸ್ತಕ ಬರೆದದ್ದು.” ಬರೆದಿರಲಿ. ಮೂರನೆಯ ಹೊಡೆತ ಮೆಲ್ಲಗೆ, ಸೀದಾ, ಕಣ್ಣೆದುರಿಗೇ ಇದ್ದ ಗುಂಡಿಗೆ. ಚೆಂಡು ಅರ್ಧ ದಾರಿಯವರೆಗೆ ಸಜ್ಜನನಂತೆ ಹೋಗಿ ಆಮೇಲೆ ಮನಸ್ಸು ಬದಲಾಯಿಸಿತು.

“ಮೇಜು ಡೊಂಕಿದೆ ಮಾರಾಯ” ಅಂದೆ.

ಅಳಿಯ ಕೋಲಿಗೆ ಗಲ್ಲ ಆನಿಸಿ ನಿಂತು, ಅತ್ಯಂತ ವಿನಯದಿಂದ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದ. ಐದನೇ ಇಯತ್ತೆಯಲ್ಲಿ ಆ ಗಾದೆಯನ್ನು ಅರ್ಥಸಹಿತ ಅವನಿಗೆ ಕಲಿಸಿದ್ದು ನಾನೇ. ಸ್ವಂತ ವಾಕ್ಯದಲ್ಲಿ ಬಳಸಿ ಎಂದೂ ಹೇಳಿದ್ದೆ. ಮೂವತ್ತು ವರ್ಷ ತಡವಾಗಿ ಬಳಸಿದ.

ಅಲ್ಲಿಂದ ನನ್ನ ಶಿಷ್ಯವೃತ್ತಿ ಶುರು.

ಮೊದಲು ನನ್ನ ಕ್ಯಾರಂ ಗರ್ವ ಇಳಿಸಿದ. ಕ್ಯಾರಂನಲ್ಲಿ ಸ್ಟ್ರೈಕರ್ 15 ಗ್ರಾಂ, ಕಾಯಿ ಐದು ಐದೂವರೆ ಗ್ರಾಂ. ಗೂಳಿ ಕರುವಿಗೆ ಗುದ್ದಿದ ಹಾಗೆ, ಗುದ್ದಿದ ಮೇಲೂ ಗೂಳಿ ಮುಂದಕ್ಕೆ ಹೋಗುತ್ತದೆ. ಪೂಲಿನಲ್ಲಿ ಎಲ್ಲ ಚೆಂಡೂ ಹೆಚ್ಚುಕಡಿಮೆ ಒಂದೇ ತೂಕ, ಒಂದೇ ಗಾತ್ರ, 57 ಮಿಲಿಮೀಟರ್. ಬಿಳಿಯದು ಜಾರುತ್ತಾ ಹೋಗಿ ನೇರ ಎದೆಗೆ ಬಡಿಯಿತೋ, ತನ್ನ ವೇಗವನ್ನೆಲ್ಲ ಎದುರಿನದಕ್ಕೆ ಒಪ್ಪಿಸಿ ತಾನು ಅಲ್ಲೇ ನಿಂತುಬಿಡುತ್ತದೆ. ಪಹಣಿ ಪೂರ್ತಿ ಮಗನ ಹೆಸರಿಗೆ ಮಾಡಿ ಜಗಲಿಯಲ್ಲಿ ಕೂತ ಅಪ್ಪನ ಹಾಗೆ. ಅದು ಮೊದಲ ಸಲ ನನ್ನ ಕಣ್ಣೆದುರು ಹಾಗೆ ನಿಂತಾಗ, ನಿಜ ಹೇಳುತ್ತೇನೆ, ಸ್ವಲ್ಪ ಬೇಜಾರಾಯಿತು.

ಇನ್ನೊಂದು ವ್ಯತ್ಯಾಸ ನನಗೇ ಹೊಳೆದದ್ದು. ಕ್ಯಾರಂನಲ್ಲಿ ಬೆರಳು, ಸ್ಟ್ರೈಕರ್, ಕಾಯಿ, ಗುಂಡಿ ಎಲ್ಲ ಕಣ್ಣ ಕೆಳಗೇ ಬಿದ್ದಿರುತ್ತವೆ, ಹಾಸಿಗೆಯ ಮೇಲೆ ಹರವಿದ ಜಾತಕದ ಹಾಗೆ. ಪೂಲಿನಲ್ಲಿ ನಾಲ್ಕು ಮುಕ್ಕಾಲು ಅಡಿ ಕೋಲಿನ ಹಿಂದೆ ಬಗ್ಗಿ, ಗಲ್ಲವನ್ನು ಕೋಲಿಗೆ ತಾಗಿಸುವಷ್ಟು ತಗ್ಗಿ, ನೆಲದ ಮಟ್ಟದಿಂದ ಊರು ನೋಡಬೇಕು. ಮೇಲಿನಿಂದ ನೋಡಿ ಗುರಿ ಇಡುವುದಕ್ಕೂ ಹಿಂದಿನಿಂದ ನೋಡಿ ಗುರಿ ಇಡುವುದಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ನನ್ನ ಸೊಂಟಕ್ಕಂತೂ ಚೆನ್ನಾಗಿ ತಿಳಿಯಿತು.

ಗುರಿಯ ಗುಟ್ಟು ಎಂದು ಅಳಿಯ ಹೇಳಿದ್ದು ಭೂತದ ಕತೆ. ಗುಂಡಿಗೂ ಬಣ್ಣದ ಚೆಂಡಿಗೂ ನಡುವೆ ಒಂದು ಗೆರೆ ಎಳೆದುಕೊಳ್ಳಬೇಕು, ಮನಸ್ಸಿನಲ್ಲಿ. ಆ ಗೆರೆ ಚೆಂಡಿನ ಹಿಂಬದಿಯಿಂದ ಹೊರಗೆ ಬರುವಲ್ಲಿ ಇನ್ನೊಂದು ಚೆಂಡು ಅಂಟಿಕೊಂಡು ಕೂತಿದೆ ಎಂದುಕೊಳ್ಳಬೇಕು. ಇಲ್ಲದ ಚೆಂಡು. ಆಟಗಾರರು ಅದಕ್ಕೆ ಭೂತದ ಚೆಂಡು ಎನ್ನುತ್ತಾರಂತೆ. ಬಿಳಿಯದನ್ನು ಹೊಡೆಯಬೇಕಾದ್ದು ಬಣ್ಣದ ಚೆಂಡಿಗಲ್ಲ, ಆ ಭೂತ ಕೂತ ಜಾಗಕ್ಕೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಎರಡೂ ಚೆಂಡು ಎಲ್ಲಿ ತಾಗಬೇಕೋ ಆ ಚುಕ್ಕೆಯನ್ನೇ ದಿಟ್ಟಿಸಿ, ಬಿಳಿ ಚೆಂಡಿನ ನಡುವನ್ನು ಅಲ್ಲಿಗೇ ಕಳಿಸುತ್ತಾರೆ. ಆದರೆ ಬಿಳಿಯದಕ್ಕೂ ಹೊಟ್ಟೆ ಇದೆಯಲ್ಲ! ನಡು ಅಲ್ಲಿಗೆ ಮುಟ್ಟುವ ಮುಂಚೆಯೇ ಹೊಟ್ಟೆ ತಾಗಿಬಿಡುತ್ತದೆ, ಬೇಕಾದ್ದಕ್ಕಿಂತ ದಪ್ಪನಾಗಿ. ತುಂಬಿದ ಬಸ್ಸಿನ ಬಾಗಿಲಿಗೆ ಕಣ್ಣಿಟ್ಟು ನುಗ್ಗಿದ ನನ್ನಂಥ ಹೊಟ್ಟೆಯವನು ಬಾಗಿಲಿಗೆ ಮುಟ್ಟುವ ಮುಂಚೆ ಕಂಡಕ್ಟರನಿಗೆ ಮುಟ್ಟುತ್ತಾನೆ. ಈ ಒಂದು ಮಾತು ತಲೆಗೆ ಹೋದ ದಿನ ನನ್ನ ಹತ್ತರಲ್ಲಿ ಒಂದು ಚೆಂಡು ಬೀಳುತ್ತಿದ್ದದ್ದು ಮೂರಾಯಿತು.

“ಭೂತ ಕಾಣ್ತದಾ ಮಾವ?” ಎಂದು ಅಳಿಯ ಕೇಳುತ್ತಿದ್ದ, ಪ್ರತಿ ಹೊಡೆತಕ್ಕೂ ಮುಂಚೆ. ಹಾದುಹೋಗುತ್ತಿದ್ದ ಹಾಲಿನವಳು ಒಮ್ಮೆ ಇದನ್ನು ಕೇಳಿಸಿಕೊಂಡಳು. ಅದರ ಫಲ ಮುಂದೆ ಹೇಳುತ್ತೇನೆ.

ನಡು, ಅಂಚು ಎಂಬ ಲೆಕ್ಕವೂ ಒಂದಿದೆ. ಬಿಳಿಯದರ ನಡುವನ್ನು ಎದುರಿನ ಚೆಂಡಿನ ಅಂಚಿಗೆ ಸರಿಯಾಗಿ ಗುರಿಯಿಟ್ಟರೆ ಅರ್ಧ ಚೆಂಡು ಅರ್ಧ ಚೆಂಡಿಗೆ ತಾಗಿ, ಬಣ್ಣದ ಚೆಂಡು 30 ಡಿಗ್ರಿ ಓರೆಗೆ ಹೋಗುತ್ತದೆ. ಇದೊಂದು ಗುರುತು ಗಟ್ಟಿಯಾದರೆ, ಅದಕ್ಕಿಂತ ದಪ್ಪ, ಅದಕ್ಕಿಂತ ತೆಳು ಎಂದು ಉಳಿದವನ್ನು ಅಂದಾಜು ಮಾಡಬಹುದು. ಅಡುಗೆಯಲ್ಲಿ ಒಂದು ಸೌಟು ಗೊತ್ತಿದ್ದರೆ ಮುಕ್ಕಾಲು ಸೌಟು ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ, ಹಾಗೆ.

ಆದರೂ ಬೀಳದ ಏಳು ಚೆಂಡು? ನಾನು ಕಣ್ಣಿನ ಮೇಲೆ ಹಾಕಿದೆ, ಕನ್ನಡಕ ಬದಲಿಸಬೇಕು ಅಂದೆ. ಅಳಿಯ ಗೋಡೆಯ ಹೊಸ ಸುಣ್ಣದ ಮೇಲೆ ಕೋಲಿನ ನೀಲಿ ಚಾಕಿನಲ್ಲಿ ಲೆಕ್ಕ ಬರೆದ. (ಅದು ನಮ್ಮ ಶಾಲೆಯ ಸೀಮೆಸುಣ್ಣ ಅಲ್ಲ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಎಂಬ ಆಟಗಾರ ಇನ್ನೊಬ್ಬನ ಜೊತೆ ಸೇರಿ ಪೇಟೆಂಟ್ ಪಡೆದ ಸರಕು, ಮರಳಿನ ಜಾತಿಯ ಗಟ್ಟಿ ಪುಡಿ. ಕೋಲಿನ ತುದಿಯ ಚರ್ಮ ಚೆಂಡಿನ ಮೇಲೆ ಜಾರದಿರಲಿ ಎಂದು ಹಚ್ಚುವುದು. ಅಕ್ಕನ ಗೋಡೆಯಿಂದ ಮಾತ್ರ ಇನ್ನೂ ಹೋಗಿಲ್ಲ.) ಲೆಕ್ಕ ಹೀಗೆ: ಬಿಳಿಯದಕ್ಕೂ ಬಣ್ಣದ್ದಕ್ಕೂ ಒಂದು ಮೀಟರ್ ದೂರ. ನೀವು ಹೊಡೆಯುವಾಗ ಅರ್ಧ ಡಿಗ್ರಿ ತಪ್ಪಿದಿರಿ. ಅಲ್ಲಿಗೆ ಹೋಗುವಷ್ಟರಲ್ಲಿ ಬಿಳಿಯದು ಒಂಬತ್ತು ಮಿಲಿಮೀಟರ್ ಪಕ್ಕಕ್ಕೆ. ಅಷ್ಟೇ ತಾನೇ? ಆದರೆ ಉರುಟು ಉರುಟಿಗೆ ತಾಗಿದಾಗ ಆ ಒಂಬತ್ತು ಮಿಲಿಮೀಟರ್ ಬಣ್ಣದ ಚೆಂಡನ್ನು ಒಂಬತ್ತು ಡಿಗ್ರಿಯಷ್ಟು ತಿರುಗಿಸುತ್ತದೆ. ಅದು ಇನ್ನೊಂದು ಮೀಟರ್ ಹೋಗುವಷ್ಟರಲ್ಲಿ ಗುಂಡಿಯಿಂದ ಒಂದು ಗೇಣಿಗೆ ಹತ್ತಿರ ಹತ್ತಿರ ದೂರ. ಅರ್ಧ ಡಿಗ್ರಿಯ ಪಾಪಕ್ಕೆ ಗೇಣಿನಷ್ಟು ಶಿಕ್ಷೆ! ಇಷ್ಟು ಬಡ್ಡಿ ಯಾವ ಸೊಸೈಟಿಯಲ್ಲೂ ಇಲ್ಲ.

“ಹಾಗಾದ್ರೆ ಅರ್ಧ ಡಿಗ್ರಿ ತಪ್ಪೂದು ಕಣ್ಣಲ್ಲ ಮಾವ. ಕಣ್ಣು ಸರಿಯಾಗೇ ನೋಡ್ತದೆ. ನೋಡಿ ಆದ ಮೇಲೆ ನಿಮ್ಮ ಮೈ ಅಲ್ಲಾಡ್ತದೆ” ಅಂದ.

ಇಲ್ಲಿ ಅರ್ಜುನನ ಕತೆ ಬರಬೇಕು. ಗುರಿ ಎಂದರೆ ಅರ್ಜುನನ ಹಕ್ಕಿಯ ಕಣ್ಣಿನ ಕತೆ ಹೇಳದ ಮಾಷ್ಟ್ರು ಈ ತಾಲೂಕಿನಲ್ಲಿ ಇಲ್ಲ, ನಾನೂ ಮೂವತ್ತು ಬ್ಯಾಚಿಗೆ ಹೇಳಿದ್ದೇನೆ. ಈಗ ಯೋಚಿಸಿದರೆ ದ್ರೋಣರು ಸುಲಭದ ಪ್ರಶ್ನೆ ಕೊಟ್ಟರು ಅನ್ನಿಸುತ್ತದೆ. ಹಕ್ಕಿ ಗೊಂಬೆಯದು, ಕೂತದ್ದು ಕೂತೇ ಇತ್ತು, ಬಾಣ ತಾಗಿದರೆ ಮುಗಿಯಿತು. “ಮಗಾ, ಬಾಣವನ್ನು ಈ ಹಕ್ಕಿಗೆ ಹೊಡೆ, ಈ ಹಕ್ಕಿ ಹೋಗಿ ಆ ಹಕ್ಕಿಗೆ ಬಡಿಯಬೇಕು, ಆ ಹಕ್ಕಿ ಪೊಟರೆಗೆ ಬೀಳಬೇಕು, ಬಾಣ ಮಾತ್ರ ಪೊಟರೆಗೆ ಬೀಳಕೂಡದು” ಎಂದಿದ್ದರೆ ಅರ್ಜುನನೂ ಮರವೇ ಡೊಂಕಿದೆ ಅನ್ನುತ್ತಿದ್ದ. ದ್ರೌಪದಿಯ ಸ್ವಯಂವರದ ಮತ್ಸ್ಯಯಂತ್ರ ಬೇಕಾದರೆ ಸ್ವಲ್ಪ ಹತ್ತಿರ. ನೆರಳು ನೋಡಿ ಮೇಲಿನ ಮೀನಿಗೆ ಹೊಡೆಯುವುದು. ಮೇಜಿನ ಅಂಚಿಗೆ ಚೆಂಡು ಬಡಿಸಿ ವಾಪಸು ಗುಂಡಿಗೆ ತರುವಾಗ, ಅಂಚಿನ ಆಚೆ ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಗುಂಡಿ ಇದೆ ಎಂದುಕೊಂಡು ಅದಕ್ಕೆ ಹೊಡೆಯಬೇಕಂತೆ. ನಾನು ಅದಕ್ಕೆ ಕೈ ಹಾಕಲಿಲ್ಲ. ನನಗೆ ಮದುವೆ ಆಗಿದೆ.

ಮೈ ಅಲ್ಲಾಡದಿರುವ ವಿದ್ಯೆಗೆ ಊರಲ್ಲೇ ಗುರುಗಳಿದ್ದರು. ಗದ್ದೆಯ ಹಾಳಿಯ ಮೇಲೆ ನಿಲ್ಲುವ ಬೆಳ್ಳಕ್ಕಿಯನ್ನು ದಿನಾ ನೋಡುತ್ತೇವೆ, ಬಕಧ್ಯಾನ ಎಂದು ಬೈಗುಳ ಮಾಡಿಟ್ಟಿದ್ದೇವೆ. ಕುತ್ತಿಗೆ ಚಿಮ್ಮುವ ಮುಂಚಿನ ಆ ನಿಲುವು ನೋಡಿ: ಕಾಲು, ಮೈ, ತಲೆ ಎಲ್ಲ ಕಲ್ಲು, ಕಣ್ಣು ಮಾತ್ರ ಜೀವಂತ. ಕೆನಡಾದಲ್ಲಿ ಜೋನ್ ವಿಕರ್ಸ್ ಎಂಬ ಪ್ರಾಧ್ಯಾಪಕಿ ಇದಕ್ಕೆ ಶಾಂತ ಕಣ್ಣು ಎಂಬರ್ಥದ ಹೆಸರು ಕೊಟ್ಟಿದ್ದಾರೆ. ನುರಿತ ಆಟಗಾರರ ಕಣ್ಣು ಹೊಡೆಯುವ ಮುಂಚೆ ಗುರಿಯ ಮೇಲೆ ಹೊಸಬರಿಗಿಂತ ಹೆಚ್ಚು ಹೊತ್ತು ಕದಲದೆ ನಿಲ್ಲುತ್ತದೆ ಎಂದು ಬಿಲಿಯರ್ಡ್ಸ್ ಆಡುವವರನ್ನು ಕೂರಿಸಿಯೂ ಪರೀಕ್ಷೆ ಮಾಡಿದ್ದುಂಟು. ನನ್ನ ಕಣ್ಣು ಶಾಂತವೇ. ಅದು ಮಲಗಿಬಿಡುತ್ತದೆ, ಅದೇ ತೊಂದರೆ.

ಎರಡನೆಯ ಗುರು ಅಕ್ಕ. ಅವಳು ದೋಟಿ ಹಿಡಿದು ಮಾವಿನಕಾಯಿ ಕೊಯ್ಯುವುದನ್ನು ಎಷ್ಟು ವರ್ಷದಿಂದ ನೋಡಿದ್ದೆನೋ, ನೋಡಿರಲಿಲ್ಲ. ಹದಿನೈದು ಅಡಿಯ ಬಿದಿರು. ಮುಂದಿನ ಕೈ ಬರೀ ಆಧಾರ, ಅದು ಹಿಡಿಯುವುದಿಲ್ಲ, ದಾರಿ ತೋರಿಸುತ್ತದೆ. ಹಿಂದಿನ ಕೈಯಲ್ಲಿ ಕೆಲಸ. ಮೊದಲು ಎರಡು ಸಲ ಸುಮ್ಮನೆ ಹಿಂದೆ ಮುಂದೆ ಆಡಿಸಿ ಅಳತೆ ನೋಡುತ್ತಾಳೆ, ಮೂರನೆಯದಕ್ಕೆ ತೊಟ್ಟು ಕಡಿಯುತ್ತದೆ. ಮುಖ್ಯವಾದದ್ದು ಇದಾದ ಮೇಲೆ: ಕಾಯಿ ಎಲ್ಲಿ ಬಿತ್ತೆಂದು ಅವಳು ತಕ್ಷಣ ತಿರುಗುವುದಿಲ್ಲ, ದೋಟಿ ಮುಂದಕ್ಕೆ ಚಾಚಿದ್ದು ಚಾಚಿದ ಹಾಗೇ ಒಂದು ಉಸಿರು ನಿಲ್ಲುತ್ತಾಳೆ. ನಾನು ಚೆಂಡಿಗೆ ಕೋಲು ತಾಗುವ ಮೊದಲೇ, ಬಿತ್ತಾ ಎಂದು ತಲೆ ಎತ್ತುತ್ತೇನೆ. ತಲೆ ಎದ್ದರೆ ಹೆಗಲು ಏಳುತ್ತದೆ, ಹೆಗಲು ಎದ್ದರೆ ಕೋಲು ತಿರುಚುತ್ತದೆ, ಅಲ್ಲಿಗೆ ಅರ್ಧ ಡಿಗ್ರಿ. ಅಕ್ಕನಿಗೆ ಇದನ್ನು ಹೇಳಿದರೆ, “ತಲೆ ಎತ್ತಿದ್ರೆ ಕಣ್ಣಿಗೆ ಸೊನೆ ಬೀಳ್ತದೆ ತಮಾ, ಅದಕ್ಕೇ” ಅಂದಳು. ಪೂಲ್ ಚೆಂಡಿಗೂ ಸೊನೆ ಇದ್ದಿದ್ದರೆ ನಾನು ಎಂದೋ ಕಲಿಯುತ್ತಿದ್ದೆ.

ಮೂರನೆಯ ಸಾಧನೆ ಬಾಟಲಿಯದು. ಮೇಜಿನ ಮೇಲೆ ಖಾಲಿ ಬಾಟಲಿ ಅಡ್ಡ ಮಲಗಿಸಿ, ಅದರ ಬಾಯೊಳಗೆ ಕೋಲಿನ ತುದಿಯನ್ನು ಗಾಜಿಗೆ ತಾಗದಂತೆ ಹಿಂದೆ ಮುಂದೆ ಆಡಿಸುವುದು. ಮೊಣಕೈಯಿಂದ ಕೆಳಗಿನ ತೋಳು ಮಾತ್ರ ಗಡಿಯಾರದ ಲೋಲಕದಂತೆ ತೂಗಬೇಕು, ಹೆಗಲು ಸುಮ್ಮನಿರಬೇಕು. ಹಳೆಯ ಅಭ್ಯಾಸವಂತೆ, ಒಳ್ಳೆಯದೇ. ಆದರೆ ನನ್ನ ಮನೆಯಲ್ಲಿ ಇದ್ದದ್ದು ದಶಮೂಲಾರಿಷ್ಟದ ಬಾಟಲಿ. ಬೆಳಿಗ್ಗೆ ಆರಕ್ಕೆ ಊಟದ ಮೇಜಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಅರಿಷ್ಟದ ಬಾಟಲಿಗೆ ಕೋಲು ತೂರಿಸುತ್ತಿದ್ದ ನಿವೃತ್ತ ಮಾಷ್ಟ್ರನ್ನು ಹಾಲಿನವಳು ಕಿಟಕಿಯಿಂದ ನೋಡಿದಳು. ಅವಳ ಬಳಿ ಭೂತದ ಸಾಕ್ಷ್ಯ ಮೊದಲೇ ಇತ್ತು. ಸಂಜೆಯೊಳಗೆ ಶಿರಾಲಿಯ ತನಕ ಸುದ್ದಿ. ಮರುದಿನ ನಮ್ಮನೆಯವಳ ತಮ್ಮ ಭಾವನವರನ್ನು ನೋಡಿಕೊಂಡು ಹೋಗಲು ಹೊನ್ನಾವರದಿಂದ ಬಂದ, ಕೈಯಲ್ಲಿ ದೇವಸ್ಥಾನದ ಕುಂಕುಮ.

ಒಂದು ಕಣ್ಣು ಮುಚ್ಚುವುದೂ ತಪ್ಪೇ ಅಂತೆ. ಎರಡು ಕಣ್ಣಲ್ಲಿ ಒಂದು ಯಜಮಾನ ಕಣ್ಣು ಇರುತ್ತದೆ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ತೆಂಗಿನ ಗೊನೆಯನ್ನು ಎರಡೂ ಕಣ್ಣಿನಿಂದ ಆ ಕಿಂಡಿಯಲ್ಲಿ ನೋಡಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗೊನೆ ಕಿಂಡಿಯಲ್ಲೇ ಉಳಿಯಿತೋ ಅದು ಯಜಮಾನ. ಗಲ್ಲದ ಕೆಳಗೆ ಕೋಲನ್ನು ಆ ಕಣ್ಣಿನ ಕಡೆಗೆ ಸ್ವಲ್ಪ ಸರಿಸಿ ನೋಡುವುದು, ಗೆರೆ ನೇರ ಕಾಣುವಲ್ಲಿ ನಿಲ್ಲಿಸುವುದು. ನನ್ನದು ಎಡಗಣ್ಣು. ಮನೆಯ ಯಜಮಾನಿಕೆಯ ಹಾಗೆಯೇ, ಇಷ್ಟು ವರ್ಷ ನಾನು ಬೇರೆ ಕಡೆ ಇದೆ ಎಂದುಕೊಂಡಿದ್ದೆ.

ಇಷ್ಟರಲ್ಲಿ ಕೊಟ್ಟಿಗೆಗೆ ಪ್ರೇಕ್ಷಕರು ಸೇರತೊಡಗಿದರು. ಗುರಿಯ ಬಗ್ಗೆ ಒಂದು ಸತ್ಯ ಅಲ್ಲಿ ತಿಳಿಯಿತು: ಬೆಂಚಿನ ಮೇಲೆ ಕೂತವನ ಗುರಿ ಯಾವತ್ತೂ ತಪ್ಪುವುದಿಲ್ಲ. ರಿಕ್ಷಾದವನು “ಸ್ವಲ್ಪ ಬಲಕ್ಕೆ ಮಾಷ್ಟ್ರೆ” ಅನ್ನುತ್ತಾನೆ, ಅವನ ರಿಕ್ಷಾ ಹೆದ್ದಾರಿಯಲ್ಲಿ ಯಾವತ್ತೂ ಎಡಕ್ಕೆ ಇದ್ದದ್ದು ಕಂಡಿಲ್ಲ. ಭಟ್ಕಳ ಪೇಟೆಯಿಂದ ನನ್ನ ಹಳೆಯ ಸಹಪಾಠಿ ಬರುತ್ತಾನೆ, ನವಾಯತ, ಇಪ್ಪತ್ತೆಂಟು ವರ್ಷ ದುಬೈಯಲ್ಲಿದ್ದವನು. “ಮಾಷ್ಟ್ರೆ, ಅಲ್ಲಿ ಏಸಿ ಹಾಲಿನಲ್ಲಿ ಆಡೂದು. ಬಾಲಿಗೆ ಸೈಡ್ ಕೊಡಿ, ಸೈಡ್!” ಎಂದು ಹೇಳಿ, ತಾನು ಒಮ್ಮೆಯೂ ಕೋಲು ಮುಟ್ಟದೆ, ಚಾ ಕುಡಿದು ಹೋಗುತ್ತಾನೆ. ಸೈಡ್ ಎಂದರೆ ಬಿಳಿ ಚೆಂಡಿನ ನಡುವಿಗೆ ಹೊಡೆಯದೆ ಪಕ್ಕಕ್ಕೆ ಹೊಡೆದು ಬುಗುರಿಯಂತೆ ತಿರುಗಿಸುವುದು. ಹಾಗೆ ಹೊಡೆದರೆ ಚೆಂಡು ಕೋಲಿನ ಗೆರೆಯಲ್ಲೇ ಹೋಗುವುದಿಲ್ಲ, ಆಚೆಗೆ ತುಸು ಜಾರುತ್ತದೆ. ನೇರ ಹೊಡೆಯಲು ಬಾರದವನು ಸೈಡ್ ಕೊಡುವುದೆಂದರೆ ಅಕ್ಷರ ಬಾರದವನು ಸಹಿ ಸೊಟ್ಟಗೆ ಹಾಕುವುದು. ಸ್ನೇಹಿತನಿಗೆ ಹೀಗೆ ಹೇಳಲಾದೀತೇ? ಕೊಟ್ಟೆ. ಚೆಂಡು ಹಾರಿ ಅವನ ಚಾ ಲೋಟಕ್ಕೇ ಬಿತ್ತು. “ಇದು ಗುರಿ!” ಅಂದ.

ನಮ್ಮ ಕಡೆಯವರು ಗುರಿಯ ಬಗ್ಗೆ ಮಾತಾಡಿದರೆ ನೇತ್ರಾಣಿ ಬಂದೇ ಬರುತ್ತದೆ. ಮುರ್ಡೇಶ್ವರದಾಚೆ ಕಡಲಲ್ಲಿರುವ ಆ ದ್ವೀಪಕ್ಕೆ ನೌಕಾಪಡೆಯವರು ಗುಂಡು ಹೊಡೆದು ಗುರಿ ಅಭ್ಯಾಸ ಮಾಡುತ್ತಿದ್ದರು, ಶೆಲ್ಲಿನ ಚೂರುಗಳು ಅಲ್ಲಿ ಬಿದ್ದಿದ್ದವು. “ಅಷ್ಟು ದೊಡ್ಡ ಗುಡ್ಡವಾದ್ರೆ ನಮ್ಮ ಮಾಷ್ಟ್ರೂ ಹೊಡೀತಿದ್ರು” ಎಂದು ರಿಕ್ಷಾದವನು ನನ್ನ ಪರ ವಹಿಸಿದ.

ನಾನು ವಯಸ್ಸಿನ ನೆಪ ತೆಗೆದರೆ ಅಳಿಯ ಉಮಾದೇವಿ ನಾಗರಾಜ್ ಹೆಸರು ತೆಗೆಯುತ್ತಿದ್ದ. ಬೆಂಗಳೂರಿನಲ್ಲಿ ಸರ್ಕಾರಿ ಕೆಲಸ ಮಾಡಿಕೊಂಡು, ಎಳೆ ವಯಸ್ಸು ದಾಟಿದ ಮೇಲೆ ಕೋಲು ಹಿಡಿದು, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದವರು. ಇದೆಲ್ಲ ನಮ್ಮ ನೆಲದ ಆಟವಲ್ಲ ಅಂದರೆ, ಸ್ನೂಕರ್ ಹುಟ್ಟಿದ್ದೇ ಜಬಲ್ಪುರದಲ್ಲಿ, 1875ರಲ್ಲಿ, ಮಳೆಗಾಲಕ್ಕೆ ಬೇಸತ್ತ ಇಂಗ್ಲಿಷ್ ಅಧಿಕಾರಿಗಳ ನಡುವೆ ಎನ್ನುತ್ತಿದ್ದ. ನಿಯಮ ಬರೆದು ಗೋಡೆಗೆ ತೂಗಿಸಿದ್ದು ಊಟಿಯ ಕ್ಲಬ್ಬಿನಲ್ಲಿ, ಯಾವ ಆಟದಲ್ಲೇ ಆಗಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ವಿಲ್ಸನ್ ಜೋನ್ಸ್, ಬಿಲಿಯರ್ಡ್ಸಿನಲ್ಲಿ, 1958ರಲ್ಲಿ. ಕೊನೆಗೆ ಪಂಕಜ್ ಅದ್ವಾನಿ: ಅಣ್ಣನ ಹಿಂದೆ ಪಾರ್ಲರಿಗೆ ಹೋಗಿ ನೋಡುತ್ತಾ ಕೂತ ಬೆಂಗಳೂರಿನ ಹುಡುಗ, ಅರವಿಂದ ಸವೂರರ ಕೈಯಲ್ಲಿ ಪಳಗಿ, 2003ರಲ್ಲಿ ಹದಿನೆಂಟಕ್ಕೇ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದ, ಆಮೇಲಿನ ವಿಶ್ವ ಪದವಿಗಳು ಇಪ್ಪತ್ತಕ್ಕೂ ಹೆಚ್ಚು. ಹೇಳುವವನು ಹೇಳಲಿ. ಅವರಿಗೆ ಸವೂರರು ಸಿಕ್ಕಿದರು, ನನಗೆ ಸಿಕ್ಕಿದ್ದು ನಾನೇ ಕಾಗುಣಿತ ಕಲಿಸಿದ ಹುಡುಗ.

ಕೊನೆಯ ಪಾಠ ನನ್ನನ್ನು ಅಳಿಸಿತು. ನೋಡಲು ಸಣ್ಣದು. ಬಿಳಿ ಚೆಂಡು ಒಂದನ್ನೇ ಮೇಜಿನ ನಡುಗೆರೆಯ ಮೇಲಿಟ್ಟು, ಎದುರಿನ ಅಂಚಿಗೆ ನೇರ ಹೊಡೆಯಬೇಕು. ಅದು ಬಡಿದು ವಾಪಸು ಬಂದು ಕೋಲಿನ ತುದಿಗೇ ತಾಗಬೇಕು. ತಾಗಿದರೆ ನೀವು ನಡುವಿಗೆ ಹೊಡೆದಿರಿ, ನೇರ ಹೊಡೆದಿರಿ. ತಾಗದಿದ್ದರೆ ಎಲ್ಲಿಯೋ ಕಳ್ಳತನ. ಅಳಿಯ ಜೋರಾಗಿ ಹೊಡೆದ, ಹೋಗಿ ಬಂದು ತಾಗಿತು. ನನಗೆ, “ಜೋರು ಬೇಡ ಮಾವ, ಮೆಲ್ಲಗೆ, ಕೈಗೆ ಹದ ಬರ್ಲಿ” ಅಂದ. ಮೆಲ್ಲಗೆ ಹೊಡೆದೆ. ಚೆಂಡು ಹೋಯಿತು, ಬಡಿಯಿತು, ಬರುವಾಗ ತೆಂಕು ಮೂಲೆಯ ಕಡೆ ತಿರುಗಿ ಅಲ್ಲಿಯ ಗುಂಡಿಗೆ ಇಣುಕಿತು. ಮತ್ತೆ ಹೊಡೆದೆ, ಮತ್ತೆ ತೆಂಕು ಮೂಲೆ. ಮಳೆಗಾಲ ಹಿಡಿದು ಬಟ್ಟೆ ತೇವ ಕುಡಿದು ಚೆಂಡು ಇನ್ನಷ್ಟು ನಿಧಾನವಾಯಿತು, ತೆಂಕಿನ ಮೋಹ ಇನ್ನಷ್ಟು ಹೆಚ್ಚಿತು. ಮೇಜಿನ ಬಗ್ಗೆ ಬಾಯಿ ಬಿಡುವಂತಿರಲಿಲ್ಲ, ಗಾದೆ ಕಾದು ಕೂತಿತ್ತು. ನಿಮ್ಮ ಮೊಣಕೈ ಒಳಗೆ ತಿರುಗ್ತದೆ ಅಂದ. ಮೊಣಕೈಗೆ ಮಹಾನಾರಾಯಣ ತೈಲ ತಿಕ್ಕಿದೆ. ಹಿಂದಿನ ಕಾಲು ಸರಿಸಿ ಅಂದ, ಸರಿಸಿದೆ. ಉಸಿರು ಹಿಡೀರಿ ಅಂದ, ಹಿಡಿದೆ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಅರಿಷ್ಟದ ಬಾಟಲಿಗೆ ಕೋಲು ತೂರಿಸಿದೆ. ಬಾಟಲಿಯಲ್ಲಿ ನಾನು ಅದ್ವಾನಿ, ಮೇಜಿನಲ್ಲಿ ತೆಂಕು ಮೂಲೆ.

ಚೌತಿಯ ಮುಂಚಿನ ವಾರ ಕೊಟ್ಟಿಗೆಯ ಬಾಗಿಲು ಮಳೆಗೆ ಉಬ್ಬಿ ಹಾಕಲಾಗುವುದಿಲ್ಲ ಎಂದು ಆಚಾರಿಯನ್ನು ಕರೆಸಿದ್ದರು. ಉಳಿ ಹಿಡಿದು ಬಾಗಿಲು ಕೆತ್ತುತ್ತಾ ನನ್ನ ಸಾಧನೆಯನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಐದಾರು ಸಲ ನೋಡಿದವನು ಏನೂ ಹೇಳದೆ ಚೀಲದಿಂದ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟ. ಗುಳ್ಳೆ ಬಡಗಿಗೆ ಓಡಿತು. ತಿರುಗಿಸಿ ಇಟ್ಟ, ಮತ್ತೆ ಬಡಗಿಗೆ. “ತೆಂಕು ಮೂಲೆಗೆ ಮೂರು ನೂಲು ಇಳಿಜಾರು” ಅಂದ.

ಅಳಿಯ ನಂಬಲಿಲ್ಲ. ಮೊಬೈಲು ತಂದು ಅಂಗಾತ ಮಲಗಿಸಿದ. ಸೊನ್ನೆ. ಆಚಾರಿ ಬಗ್ಗಿ, ಮೊಬೈಲಿನ ಕೆಳಗೆ ಕಣ್ಣಿಟ್ಟು, ಬೆರಳು ತೋರಿಸಿದ. ಬೆನ್ನ ಮೇಲೆ ಕ್ಯಾಮೆರಾದ ಡುಬ್ಬ. ಕವರು ಹಾಕಿದ್ದರೂ ಅದು ಕೂದಲೆಳೆಯಷ್ಟು ಎದ್ದೇ ಇತ್ತು. ಮಟ್ಟ ಇದ್ದದ್ದು ಮೊಬೈಲಿಗೆ, ಮೇಜಿಗಲ್ಲ. ಅಳಿಯ ಜೋರಾಗಿ ಹೊಡೆಯುವವನು, ಅವನ ಚೆಂಡಿಗೆ ಇಳಿಜಾರು ಗಮನಿಸಲು ಪುರಸೊತ್ತಿರಲಿಲ್ಲ. ಮೆಲ್ಲಗೆ ಹೋಗುವ ನನ್ನದಕ್ಕೆ ಇತ್ತು.

ನಾನು ಏನೂ ಹೇಳಲಿಲ್ಲ. ಬೈರಾಸಿನಿಂದ ಮುಖ ಒರೆಸಿಕೊಂಡೆ, ನಿಧಾನವಾಗಿ, ಎರಡು ಸಲ. ಆಚಾರಿ ತಿರುಪು ತಿರುಗಿಸಿ ಗುಳ್ಳೆಯನ್ನು ನಡುವೆ ನಿಲ್ಲಿಸಿದ. ಬಿಳಿ ಚೆಂಡು ಇಟ್ಟೆ, ಮೆಲ್ಲಗೆ ಹೊಡೆದೆ. ಹೋಯಿತು, ಬಡಿಯಿತು, ನಿಯತ್ತಿನ ನಾಯಿಯ ಹಾಗೆ ವಾಪಸು ಬಂದು ಕೋಲಿನ ತುದಿಗೆ ಮೂಗು ತಾಗಿಸಿ ನಿಂತಿತು. ಬೆಂಚಿನ ಮೇಲಿದ್ದವರು ಚಪ್ಪಾಳೆ ಹೊಡೆದರು. ಆ ಉಮೇದಿನಲ್ಲಿ ಕೆಂಪು ಚೆಂಡು ಇಟ್ಟು, ಭೂತವನ್ನು ಕೂರಿಸಿ, ಯಜಮಾನ ಕಣ್ಣು ಇಟ್ಟು, ತೆಂಕು ಮೂಲೆಯ ಗುಂಡಿಗೇ ಹೊಡೆದೆ. ಕೆಂಪು ಚೆಂಡು ಗುಂಡಿಯಿಂದ ಒಂದು ಗೇಣು ಬಡಗಿಗೆ ಬಡಿಯಿತು. ಮೂರು ತಿಂಗಳು ಇಳಿಜಾರಿಗೆ ಲೆಕ್ಕ ಬಿಟ್ಟು ಬಿಟ್ಟು ಕೈ ಹಾಗೇ ಪಳಗಿತ್ತು. ಮತ್ತೆ ಹೊಡೆದೆ, ಮತ್ತೆ ಗೇಣು ಬಡಗಿಗೆ.

ಆಚಾರಿಗೆ ಚಾ ತಂದ ಅಕ್ಕ ಬಾಗಿಲಲ್ಲಿ ನಿಂತು ವಿಷಯ ಏನೆಂದು ಕೇಳಿದಳು. ಹೇಳಿದೆವು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಕೊಟ್ಟಿಗೆ ನೆಲ ಇಳಿಜಾರಿರದೆ ಮತ್ತೆಂತ? ಗಂಜಲ ಹೋಗ್ಲಿ ಅಂತ ಅಪ್ಪಯ್ಯ ಮಾಡ್ಸಿದ್ದಲ್ದಾ” ಎಂದು ತೆಂಕು ಮೂಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಆಮೇಲೆ ನನ್ನ ಕೆಂಪು ಚೆಂಡನ್ನು ನೋಡಿ, “ಅಷ್ಟು ವರ್ಷ ಆಕಳು ಕಟ್ಟಿದ್ವಿ ತಮಾ, ಒಂದು ದಿನ ತಪ್ಪಲಿಲ್ಲ. ಸೀದಾ ಗುಂಡಿಗೇ ಹೋಗ್ತಿತ್ತು” ಅಂದಳು.